ಬಾಗಿಲಿಲ್ಲದ ಕಾರು

ಪ್ಲಾಸ್ಟಿಕ್ ತೊಟ್ಟೆಯ ಬಾಯಿಯನ್ನು ತುಟಿಗೆ ಒತ್ತಿ ಊದಿ, ಉಬ್ಬಿದ ಮೇಲೆ ಅದನ್ನು ಕೆನ್ನೆಗೆ ಹಿಡಿದು, ಎಲ್ಲಿಂದಾದರೂ ಗಾಳಿ ಸೋರುತ್ತದೆಯೇ ಎಂದು ರುಕಿಯಾ ಕಾದಳು. ಸೋರುತ್ತಿತ್ತು, ಕಿವಿಯ ಕೆಳಗೆ ತಣ್ಣನೆಯ ಒಂದು ಎಳೆ. ಅದನ್ನು ಬದಿಗಿಟ್ಟು ಇನ್ನೊಂದನ್ನು ಊದಿದಳು. ಮೀನು ತಂದ ತೊಟ್ಟೆ ಆಗುವುದಿಲ್ಲ, ಎಷ್ಟು ತೊಳೆದರೂ ವಾಸನೆ ಬಿಡದು. ತರಕಾರಿಯದ್ದು ತೀರಾ ತೆಳು. ಮೆಲ್ಕಾರಿನ ಬಟ್ಟೆ ಅಂಗಡಿಯವರು ಕೊಡುವ ಕಪ್ಪು ಪ್ಲಾಸ್ಟಿಕ್ಕಿನದ್ದೇ ಬೇಕು. ದಪ್ಪಗಿರುತ್ತದೆ, ಒಳಗೆ ಏನಿದೆಯೆಂದು ಹೊರಗಿನವರಿಗೆ ಕಾಣುವುದಿಲ್ಲ. ತೂತಿಲ್ಲದ ಅಂಥವು ಎರಡು ಸಿಕ್ಕಿದಾಗ ಅವಳಿಗೆ ನಿಜವಾಗಿಯೂ ಸಂತೋಷವಾಯಿತು, ಯಾರೋ ಉಡುಗೊರೆ ಕೊಟ್ಟ ಹಾಗೆ. ನಾಲ್ಕಾಗಿ ಮಡಚಿ ಬುರ್ಖಾದ ಒಳಜೇಬಿಗೆ ಹಾಕಿಕೊಂಡಳು. ಒಲೆಯ ಮೇಲೆ ನೈಯಪ್ಪದ ಕೊನೆಯ ಒಬ್ಬೆ ಎಣ್ಣೆಯಲ್ಲಿ ತಿರುಗುತ್ತಿತ್ತು. ಎಂದೂ ತಪ್ಪದೆ ಮೊದಲನೆಯದನ್ನು ಒಡೆದು ರುಚಿ ನೋಡುವವಳು ಇವತ್ತು ಬೆಳಗಿನಿಂದ ಒಂದು ಗುಟುಕು ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಕಾರಿನಲ್ಲಿ ವಾಂತಿ ಬರಲು ಏನೂ ಇರುವುದಿಲ್ಲ ಎಂಬುದು ಅವಳ ಲೆಕ್ಕ. ಖಾಲಿ ಹೊಟ್ಟೆಯಲ್ಲೇ ಹೆಚ್ಚು ಬರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು, ಆದರೆ ಪ್ರತಿ ಸಲ ಬೆಳಿಗ್ಗೆ ಮೊದಲ ಲೆಕ್ಕವೇ ಸರಿ ಅನ್ನಿಸುತ್ತಿತ್ತು.

ಅಂಗಳದಲ್ಲಿ ಮೈದುನ ನೌಫಲ್ ಕಾರು ಒರೆಸುತ್ತಿದ್ದ. ಅರಬ್ ನಾಡಿನ ಜುಬೈಲಿನಿಂದ ರಜೆಗೆ ಬಂದವನು ಬಂದ ವಾರವೇ ತಂದ ಹೊಸ ಕಾರು, ಬೆಳ್ಳಿಯ ಬಣ್ಣದ್ದು. ನರಿಕೊಂಬಿನ ಹೊಳೆಬದಿಯ ಮಣ್ಣಿನ ದಾರಿಯಲ್ಲಿ ಅದು ಬರುವಾಗ ಕೋಳಿಗಳು ಸಹ ಮರ್ಯಾದೆಯಿಂದ ಬದಿಗೆ ಸರಿಯುತ್ತವೆ ಎಂದು ಅವನ ನಂಬಿಕೆ. ಹಳದಿ ಬಟ್ಟೆಯಲ್ಲಿ ಬಾನೆಟ್ಟನ್ನು ಉಜ್ಜುವಾಗ ಅವನ ಮುಖದಲ್ಲಿ ಕಾಣುವ ಮೆದುತನ, ದೊಡ್ಡ ಮಗಳು ಫರ್ಹಾನ ಮಗುವಾಗಿದ್ದಾಗ ಅವಳಿಗೆ ಎಣ್ಣೆ ಹಚ್ಚುತ್ತಿದ್ದ ತನ್ನ ಕೈಗಳ ಮೆದುತನವೇ ಎಂದು ಅಡುಗೆಮನೆಯ ಕಿಟಕಿಯಿಂದ ನೋಡಿದ ರುಕಿಯಾಳಿಗೆ ಅನ್ನಿಸಿತು. ಆ ಫರ್ಹಾನಳಿಗೆ ಈಗ ಏಳು ತಿಂಗಳು. ಚೊಚ್ಚಲು. ಮೂಡುಬಿದಿರೆಯ ಗಂಡನ ಮನೆಯಿಂದ ಅವಳನ್ನು ಇವತ್ತು ಹೆರಿಗೆಗೆಂದು ಕರೆತರಬೇಕು. ತಾಯಿ ಹೋಗಲೇಬೇಕು. ಜ್ವರ, ಸೊಂಟನೋವು, ಮನೆಯಲ್ಲಿ ನೆಂಟರು, ಈ ಯಾವ ನೆಪವೂ ಇವತ್ತು ನಡೆಯುವುದಿಲ್ಲ. ಮದುವೆಯಾದ ಮೇಲೆ ಮಗಳ ಮನೆಗೆ ಅವಳು ಒಂದು ಸಲವೂ ಹೋಗಿರಲಿಲ್ಲ. ಫೋನಿನಲ್ಲಿ ಫರ್ಹಾನ ಪ್ರತಿ ಸಲ, "ಉಮ್ಮಾ, ಯಾವಾಗ ಬರ್ತೀರಿ?" ಎಂದು ಕೇಳುವಳು; ಕೊನೆಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು. ಕೇಳದೆ ಇಟ್ಟ ಫೋನಿನ ಮುಂದೆ ರುಕಿಯಾ ಸ್ವಲ್ಪ ಹೊತ್ತು ಹಾಗೆಯೇ ನಿಂತಿರುತ್ತಿದ್ದಳು, ಕೈಯಲ್ಲಿ ಸೌಟು ಹಿಡಿದುಕೊಂಡು.

ಯಾರಿಗೆ ಹೇಳುವುದು. ಮದುಮಗಳನ್ನು ಬಿಡಲೆಂದು ಹೋದ ದಿನ ಬಾಡಿಗೆಯ ಕಾರಿನಲ್ಲಿ ಅತ್ತರು, ಮಲ್ಲಿಗೆ, ಡೀಸೆಲ್ಲು, ಯಾರದೋ ಮಗುವಿನ ಬಿಸ್ಕತ್ತು ಎಲ್ಲ ಸೇರಿ ದಾರಿಯ ರಾಯಿ ಎಂಬ ಊರು ದಾಟುವ ಮೊದಲೇ ಅವಳ ಬಾಯಲ್ಲಿ ನೀರು ಊರಲು ಸುರುವಾಗಿತ್ತು. ಹಲ್ಲು ಕಚ್ಚಿ ಮೂಡುಬಿದಿರೆವರೆಗೆ ತಡೆದುಕೊಂಡಳು. ಫರ್ಹಾನಳ ಅತ್ತೆ ಬೀಯಮ್ಮನ ಮನೆಯ ಅಂಗಳದಲ್ಲಿ ಕಾರು ನಿಂತಿತು. ಮಗನ ಹೆಂಡತಿಯನ್ನು ಇಳಿಸಿಕೊಳ್ಳಲು ಬೀಯಮ್ಮ ಬಿಳಿ ನೆಲದ ಜಗಲಿಯಿಂದ ಇಳಿದು ಬರುತ್ತಿದ್ದಳು, ಅವಳ ಹಿಂದೆ ಇಡೀ ಹೆಂಗಸರ ಸೈನ್ಯ. ಮದುಮಗಳಿಗಿಂತ ಮೊದಲು ಮದುಮಗಳ ತಾಯಿ ಇಳಿದು ತೆಂಗಿನ ಕಟ್ಟೆಯತ್ತ ಓಡಿದಳು. ಅಷ್ಟಾದರೂ ಹೋಗಲಿ. ಆ ಮನೆಯ ಅಜ್ಜಿ, ಬೀಯಮ್ಮನ ಅತ್ತೆ, ಕಿವಿ ಕೇಳದ್ದರಿಂದ ಪಿಸುಗುಟ್ಟುವುದೆಂದರೆ ಏನೆಂದು ಮರೆತಿದ್ದ ಮುದುಕಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಕೇಳಿದಳು: "ಮದುಮಗಳ ಉಮ್ಮನಿಗೆ ಎಷ್ಟು ತಿಂಗಳು?" ಸೆರಗು, ದುಪಟ್ಟಾಗಳು ಬಾಯಿಗೆ ಹೋದವು. ಆ ಸದ್ದು, ಬಟ್ಟೆಯ ಹಿಂದೆ ತಡೆದ ನಗುವಿನ ಸದ್ದು, ಅಕ್ಕಿ ಆರಿಸುವಾಗ, ನಮಾಜಿಗೆ ನಿಂತಾಗ, ನಿದ್ದೆಯ ಅಂಚಿನಲ್ಲಿ ಅವಳಿಗೆ ಈಗಲೂ ಕೇಳುತ್ತದೆ. ಮತ್ತು ಬೀಯಮ್ಮ ನಗಲಿಲ್ಲ. ಅದು ಇನ್ನೂ ಕೆಟ್ಟದು. ಅವಳು ಕಟ್ಟೆಯ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿ, ಬೇಗನೆ ಒಳಗೆ ಹೋಗಿಬಿಟ್ಟಳು. ಆಮೇಲೆ ಹಬ್ಬಕ್ಕೆ ಕರೆದರೂ ನರಿಕೊಂಬಿಗೆ ಬರಲಿಲ್ಲ, ರುಕಿಯಾಳ ಗಂಡ ಬಾವಾ ತನ್ನ ಪಾತ್ರೆ ಅಂಗಡಿಯನ್ನು ದೊಡ್ಡದು ಮಾಡಿದಾಗ ಕರೆದರೂ ಬರಲಿಲ್ಲ. ಹೇಸಿಗೆಯಾಗಿರಬೇಕು. ಬಿಳಿ ನೆಲದವರು.

"ಅತ್ತಿಗೇ, ಹೊರಡುವಾ?" ಎಂದು ನೌಫಲ್ ಕರೆದ.

ಗಂಡ ಬಾವಾ ಮುಂದೆ ಕೂತಿದ್ದ, ತೊಡೆಯ ಮೇಲೆ ನೈಯಪ್ಪದ ಡಬ್ಬಿ, ಅದರ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ. ಹಿಂದೆ ಚಿಕ್ಕ ಮಗಳು ರಿಫಾ. ರುಕಿಯಾ ಎಡಗಡೆಯ ಕಿಟಕಿಗೆ ಬಂದಳು. ಸೀಟಿನ ಮೇಲೆ ಹಳೆಯ ಪೇಪರ್ ಹಾಸಿ ಕೂತರೆ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಅವಳು ಪೇಪರ್ ಬಿಡಿಸುವುದನ್ನು ನೌಫಲ್ ಕನ್ನಡಿಯಲ್ಲಿ ನೋಡಿದ. "ಅದು ಬೇಡ ಅತ್ತಿಗೆ, ಸೀಟಿಗೆ ಪ್ಲಾಸ್ಟಿಕ್ ಉಂಟಲ್ಲ, ಕೊಳೆ ಆಗುವುದಿಲ್ಲ." ಹೌದು, ಪ್ಲಾಸ್ಟಿಕ್ ಇತ್ತು. ಕಾರು ಕಂಪನಿಯಿಂದ ಬರುವಾಗ ಸುತ್ತಿದ್ದದ್ದು. ಅದನ್ನು ತೆಗೆಯಲು ಅವನು ಯಾರನ್ನೂ ಬಿಟ್ಟಿರಲಿಲ್ಲ. ತೆಗೆದರೆ ಹೊಸತು ಎಂದು ಯಾರಿಗೆ ಗೊತ್ತಾಗಬೇಕು? ಬಿಸಿಲಿಗೆ ಕಾದ ಆ ಪ್ಲಾಸ್ಟಿಕ್ಕಿನ ಮೇಲೆ ಅವಳು ಕೂತಾಗ ಅದು ಒಮ್ಮೆ ನಿಟ್ಟುಸಿರು ಬಿಟ್ಟಿತು, ಮತ್ತು ಆ ಉಸಿರಿನ ಜೊತೆ ಹೊಸ ಕಾರಿನ ವಾಸನೆ ಅವಳ ಗಂಟಲಿನವರೆಗೆ ಬಂದು ಅಲ್ಲೇ ಜಾಗ ಮಾಡಿಕೊಂಡು ಕೂತಿತು. ಮುಂದಿನ ಗಾಜಿನ ಹತ್ತಿರ ಹಸಿರು ಬಾಟಲಿಯಲ್ಲಿ ಸೆಂಟು ಅಲ್ಲಾಡುತ್ತಿತ್ತು. ನೌಫಲ್ ಎಸಿ ಹಾಕಿದ. ಗಾಜುಗಳು ತಾವಾಗಿಯೇ ಮೇಲೆ ಏರಿದವು. ಹೊರಗಿನ ಹೊಳೆ, ಹೊಳೆಯ ಗಾಳಿ, ಬಟ್ಟೆ ಒಗೆಯುವವರ ಮಾತು ಎಲ್ಲ ಒಂದು ಕ್ಷಣದಲ್ಲಿ ಚಿತ್ರವಾಗಿಬಿಟ್ಟವು.

ಸೇತುವೆ ದಾಟುವಾಗಲೇ ನೌಫಲ್ ತನ್ನ ಆಟ ತೆಗೆದ. ಬಂದಾಗಿನಿಂದ ಅವನು ಇದನ್ನು ಎಲ್ಲರ ಹತ್ತಿರ ಆಡಿದ್ದ, ಮಸೀದಿಯ ಉಸ್ತಾದರನ್ನೂ ಬಿಟ್ಟಿರಲಿಲ್ಲ. "ದುಡ್ಡಿನ ಯೋಚನೆಯೇ ಇಲ್ಲ ಅಂತ ಇಟ್ಟುಕೊಳ್ಳಿ. ಎಷ್ಟು ಬೇಕಾದ್ರೂ ಉಂಟು. ಯಾವ ಕಾರು ತಗೊಳ್ತೀರಿ?"

"ನಿನ್ನದು ಯಾವುದು, ಅದನ್ನು ಮೊದಲು ಹೇಳು" ಎಂದ ಬಾವಾ.

"ಲ್ಯಾಂಡ್ ಕ್ರೂಸರ್. ಬಿಳಿ. ಅಲ್ಲಿ ನಮ್ಮ ಮುದೀರ್, ಮ್ಯಾನೇಜರ್ ಒಬ್ಬ ಉಂಟು, ಅವನದ್ದು. ಮರಳಿನ ಗುಡ್ಡೆ ಹತ್ತಿದ್ರೂ ಒಳಗೆ ಕೂತವನ ಚಾ ಚೆಲ್ಲುವುದಿಲ್ಲ."

"ನಮ್ಮ ಊರಲ್ಲಿ ಮರಳು ಗುಡ್ಡೆ ಎಲ್ಲುಂಟು ಮಾರಾಯ? ಹೊಳೆಯಲ್ಲಿ ಇದ್ದದ್ದನ್ನೂ ಲಾರಿಯವರು ಕೊಂಡೋದ್ರು. ನನಗೆ ಒಂದು ಪಿಕಪ್ ಸಾಕು. ಪಾತ್ರೆ ತರ್ಲಿಕ್ಕೆ ಆಗ್ತದೆ."

"ದುಡ್ಡಿನ ಯೋಚನೆ ಇಲ್ಲ ಅಂದ್ರೂ ಇವರು ಪಾತ್ರೆಯನ್ನೇ ತುಂಬುವುದು" ಎಂದಳು ರಿಫಾ. "ನನಗೆ ಕೆಂಪು, ಮೇಲೆ ಮಾಡು ಇಲ್ಲದ್ದು. ಟಿವಿಯಲ್ಲಿ ಬರ್ತದಲ್ಲ, ಹಾಗಿನದ್ದು."

"ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ಕೂತ್ಕೊ. ಅತ್ತಿಗೆಗೆ ಯಾವುದು?" ನೌಫಲ್ ಕನ್ನಡಿಯಲ್ಲಿ ಅವಳನ್ನು ನೋಡಿ, ಉತ್ತರಕ್ಕೆ ಕಾಯದೆ ತಾನೇ ಹೇಳಿದ: "ಅತ್ತಿಗೆಗೆ ಆಂಬುಲೆನ್ಸೇ ಆಗಬೇಕು. ಮಲಗಿಕೊಂಡು ಹೋಗಬಹುದು, ನರ್ಸು ಸಹ ಇರ್ತಾಳೆ."

ರಿಫಾ ನಕ್ಕಳು. ಬಾವಾ ನಗಲಿಲ್ಲ. ಡಬ್ಬಿಯನ್ನು ಈ ತೊಡೆಯಿಂದ ಆ ತೊಡೆಗೆ ಸರಿಸಿದ. ರುಕಿಯಾ ಕೂಡ ನಗಬೇಕೆಂದುಕೊಂಡಳು. ನಗಬೇಕಾದರೆ ತುಟಿ ತೆರೆಯಬೇಕು. ತೆರೆದರೆ ಏನಾಗುವುದೆಂದು ಅವಳಿಗೆ ಮಾತ್ರ ಗೊತ್ತು. ನೌಫಲ್ ಕೆಟ್ಟವನಲ್ಲ, ಫರ್ಹಾನಳನ್ನು ಹೆಗಲ ಮೇಲೆ ಹೊತ್ತು ಪಾಣೆಮಂಗಳೂರಿಗೆ ನಡೆದವನು. ಇದ್ದ ಮಾತನ್ನೇ ಹೇಳಿದ. ಆದರೂ ಆ ಹೊತ್ತಿಗೆ ಅವಳಿಗೆ ಆಸೆಯಾದದ್ದು, ಈ ಕಾರಿನ ಒಳಗೆ ಒಂದೇ ಒಂದು ಮಾತು ತನ್ನದೂ ಇರಬೇಕು ಎಂದು. ಯಾಕೆಂದರೆ ಅವಳ ಹತ್ತಿರ ಉತ್ತರ ಇತ್ತು. ಅವನು ಮೊದಲ ಸಲ ಚಾವಡಿಯಲ್ಲಿ ಕೂತು ಎಲ್ಲರನ್ನೂ ಕೇಳಿದ ದಿನವೇ, ಅಡುಗೆಮನೆಯಲ್ಲಿ ಯಾರೂ ಕೇಳದ ಅವಳು ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದಳು.

ಅದು ಜೀಪು. ಬಂಟ್ವಾಳ ಪೇಟೆ ಮುಗಿದು ರಸ್ತೆ ತಿರುವುಗಳಿಗೆ ಇಳಿದಂತೆ, ಅವಳು ಕಣ್ಣು ಮುಚ್ಚಿ ಅದರೊಳಗೆ ಹತ್ತಿ ಕೂತಳು. ಅವಳ ತವರೂರು ಲಾಯಿಲದ ಗುಡ್ಡದ ಮೇಲಿನ ರುಕ್ಮಯ್ಯ ಗೌಡರ ಜೀಪು. ಅವಳ ತಂದೆ, ಉಪ್ಪ ಇದಿನಬ್ಬರು ಗುಡ್ಡದ ಮನೆಗಳಿಂದ ಗೇರುಬೀಜ ಕೊಳ್ಳುತ್ತಿದ್ದವರು. ಗೌಡರು ಪೇಟೆಗೆ ಇಳಿಯುವಾಗ ಚೀಲಗಳ ಜೊತೆ ಉಪ್ಪನನ್ನೂ ಕರೆದುಕೊಳ್ಳುತ್ತಿದ್ದರು, ಕೆಲವು ಸಲ ಶಾಲೆಗೆ ತಡವಾದ ಹುಡುಗಿಯನ್ನೂ. ಆ ಜೀಪಿಗೆ ಬಾಗಿಲು ಎಂಬುದೇ ಇರಲಿಲ್ಲ. ಮೊದಲು ಇದ್ದವಂತೆ; ಗೌಡರು ಕಳಚಿ ಕೋಳಿಗೂಡಿಗೆ ಹಾಕಿದ್ದರು. ಅಂಚಿನಲ್ಲಿ ಅವಳನ್ನು ಕೂರಿಸಿಕೊಂಡು ಉಪ್ಪ ಎದುರಿನ ಕಬ್ಬಿಣದ ಸರಳಿಗೆ ಕೈ ಚಾಚಿ ಹಿಡಿಯುತ್ತಿದ್ದರು. ಆ ತೋಳೇ ಅವಳ ಬಾಗಿಲು. ಗೇರುಬೀಜದ ಒಗರು ವಾಸನೆ ಇದ್ದ ತೋಳು, ಅದರ ಮೇಲೆ ಗಲ್ಲ ಊರಿದರೆ ಗಾಳಿ ಬಾಯಿಯ ಒಳಗೇ ನುಗ್ಗುತ್ತಿತ್ತು, ಕೆಳಗೆ ರಸ್ತೆ ಕಾಲಿನ ಹತ್ತಿರವೇ ಓಡುತ್ತಿತ್ತು, ಕೈಗೆ ಎಟಕುವ ಹುಲ್ಲು. ಅದರಲ್ಲಿ ಅವಳು ಒಂದು ಸಲವೂ ವಾಂತಿ ಮಾಡಿಕೊಂಡಿರಲಿಲ್ಲ. ಆಮೇಲೆ ಬಂದ ಎಲ್ಲ ಬಸ್ಸುಗಳಲ್ಲಿ, ಟ್ಯಾಕ್ಸಿಗಳಲ್ಲಿ, ತನ್ನದೇ ಮದುವೆಯ ಅಂಬಾಸಿಡರಿನಲ್ಲಿ, ಎಲ್ಲದರಲ್ಲೂ ಆಗಿತ್ತು. ಅದರಲ್ಲಿ ಇಲ್ಲ. ದುಡ್ಡು ಎಷ್ಟೇ ಇರಲಿ, ಆ ಜೀಪು ಯಾವ ಶೋರೂಮಿನಲ್ಲಿ ಸಿಗುತ್ತದೆ?

"ಉಮ್ಮ ನಿದ್ರೆ ಮಾಡಿದ್ರು" ಎಂದಳು ರಿಫಾ.

ಸಿದ್ದಕಟ್ಟೆಯ ಹತ್ತಿರ ಬಾವಾ ಹಿಂದೆ ತಿರುಗಿ ಮೆಲ್ಲಗೆ ಕೇಳಿದ. "ನಿಲ್ಲಿಸುವುದಾ ಸ್ವಲ್ಪ?" ಅವನ ಕಣ್ಣು ಅವಳ ಬುರ್ಖಾದ ಜೇಬಿನ ಮೇಲಿತ್ತು, ಇಷ್ಟು ವರ್ಷದಲ್ಲಿ ಅವನು ಅದರ ಬಗ್ಗೆ ಬಾಯಿಬಿಟ್ಟು ಮಾತಾಡಿದವನಲ್ಲ, ಮಾತಾಡದೆ ಎಷ್ಟೋ ತೊಟ್ಟೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ರಸ್ತೆ ಬದಿಯ ಹೊಂಡಕ್ಕೆ ಎಸೆದು, ಕೈ ತೊಳೆದು ಬಂದವನು. ಅವಳು ತಲೆ ಅಲ್ಲಾಡಿಸಿದಳು. ಬೇಡ. ಇಷ್ಟು ದೂರ ಬಂದಾಗಿದೆ. ಇವತ್ತು ಕಾರಿನಿಂದ ಇಳಿದು, ಬುರ್ಖಾದ ನೆರಿಗೆ ಸರಿಮಾಡಿಕೊಂಡು, ಸಲಾಮು ಹೇಳಿ, ಆ ಬಿಳಿ ಜಗಲಿಯನ್ನು ಎಲ್ಲ ತಾಯಂದಿರಂತೆ ಹತ್ತಬೇಕು. ಅಷ್ಟೇ ಅವಳ ಆಸೆ. ಮಗಳು ನೋಡುತ್ತಿರಬೇಕು, ಬೀಯಮ್ಮ ನೋಡುತ್ತಿರಬೇಕು. ಅವಳು ಕಿಟಕಿಯ ಗಾಜಿಗೆ ಹಣೆ ಒತ್ತಿದಳು. ಗಾಜು ತಣ್ಣಗಿತ್ತು. ಒಂದು ತಿರುವು. ನುಂಗಿದಳು. ಇನ್ನೊಂದು. ಹಾಲಿನ ಡೈರಿಯ ಮುಂದೆ ನಿಂತ ಹೆಂಗಸೊಬ್ಬಳು ಕ್ಯಾನು ಹಿಡಿದು ಆಕಳಿಸುತ್ತಿದ್ದಳು. ಎಷ್ಟು ದೊಡ್ಡದಾಗಿ ಬಾಯಿ ತೆರೆದಿದ್ದಾಳೆ, ಎಷ್ಟು ಧೈರ್ಯವಾಗಿ.

ಮೂಡುಬಿದಿರೆ ಬಂತು. ಪೇಟೆಯ ಗಲಾಟೆ, ಬಸ್ಸುಗಳು, ಸಮವಸ್ತ್ರದ ಮಕ್ಕಳು. ಬಲಕ್ಕೆ ತಿರುಗಿದರೆ ಕಂಪೌಂಡು, ಗೇಟು. ಜಗಲಿಯ ಮೇಲೆ ಫರ್ಹಾನ ನಿಂತಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮುಖ ದುಂಡಗಾಗಿ, ಯಾರೋ ದೊಡ್ಡ ಹೆಂಗಸಿನ ಹಾಗೆ. ಆ ಮುಖ ಕಂಡು ರುಕಿಯಾಳ ಒಳಗೆ ಏನೋ ಸಡಿಲವಾಯಿತು. ದಾರಿಯುದ್ದಕ್ಕೂ ಬಿಗಿಹಿಡಿದಿದ್ದೆಲ್ಲ ಸಡಿಲವಾಯಿತು. ಕಾರು ನಿಂತದ್ದೇ ಬಾಗಿಲಿನ ಹಿಡಿಕೆ ಹುಡುಕಿದಳು, ಹೊಸ ಕಾರಿನ ಹಿಡಿಕೆ ಎಲ್ಲಿರುತ್ತದೆಂದು ಗೊತ್ತಾಗಲಿಲ್ಲ, ರಿಫಾ ಕೈ ಚಾಚಿ ತೆರೆದಳು. ತೆಂಗಿನ ಕಟ್ಟೆ ಅಲ್ಲೇ ಇತ್ತು. ತನಗಾಗಿಯೇ ಕಾದಿರುವ ಹಾಗೆ.

ಜೇಬಿನ ತೊಟ್ಟೆ ಜೇಬಿನಲ್ಲೇ ಉಳಿಯಿತು. ಬಗ್ಗಿ ನಿಂತ ಅವಳ ಕಣ್ಣಲ್ಲಿ ನೀರು ತುಂಬಿ ತೆಂಗಿನ ಬುಡ ಎರಡಾಗಿ ಕಾಣುತ್ತಿತ್ತು. ಮುಗಿಯಿತು ಎಂದುಕೊಂಡಳು, ಇನ್ನು ಈ ಮನೆಗೆ ಮೊಮ್ಮಗುವಿನ ಮುಖ ನೋಡಲು ಸಹ ಬರುವ ಹಾಗಿಲ್ಲ. ಅಷ್ಟರಲ್ಲಿ ಯಾರದೋ ಅಂಗೈ ಅವಳ ಹಣೆಯ ಮೇಲೆ ಬಂದು ಕೂತಿತು. ಇನ್ನೊಂದು ಕೈ ಕತ್ತಿನ ಹಿಂದೆ, ಕೂದಲಿನ ಬುಡದ ಗುಳಿಯಲ್ಲಿ, ಬೆರಳುಗಳನ್ನು ಅಗಲ ಮಾಡಿ. ನೋಡಿದವರು ಎಲ್ಲರೂ ಬೆನ್ನು ತಟ್ಟುತ್ತಾರೆ. ಬೆನ್ನು ತಟ್ಟಿದರೆ ಇನ್ನೂ ಹೆಚ್ಚು ಬರುತ್ತದೆ. ಈ ಕೈಗಳು ತಟ್ಟಲಿಲ್ಲ. ಹಣೆಯನ್ನು ಮೇಲಕ್ಕೆ ಒತ್ತಿ, ಕತ್ತನ್ನು ಹಿಡಿದು, ತಲೆಯ ಭಾರವನ್ನು ಪೂರ್ತಿ ತಾವು ತೆಗೆದುಕೊಂಡು ಸುಮ್ಮನೆ ಕಾದವು. ಹೀಗೆ ಹಿಡಿಯಬೇಕೆಂದು ಯಾರೂ ಕಲಿಸುವುದಿಲ್ಲ. ತನ್ನ ತಲೆಯನ್ನು ಹೀಗೆ ಯಾರಾದರೂ ಹಿಡಿಯಬಾರದೇ ಎಂದು ಆಸೆಪಟ್ಟವರಿಗೆ ಮಾತ್ರ ಗೊತ್ತಿರುವ ಹಿಡಿತ ಅದು. ರುಕಿಯಾ ಉಸಿರು ಬಿಟ್ಟು, ಮುಖ ಎತ್ತಿ ನೋಡಿದಳು. ಬೀಯಮ್ಮ. ಸೆರಗಿನ ತುದಿಯ ಗಂಟು ಬಿಚ್ಚಿ, ಉಪ್ಪಿನಲ್ಲಿ ಒಣಗಿಸಿದ ನಿಂಬೆಯ ಕಪ್ಪು ಚೂರೊಂದನ್ನು ತೆಗೆದು ಅವಳ ಬಾಯಿಗಿಟ್ಟಳು. "ಜಗಿಯಬೇಡಿ. ಕೆನ್ನೆಯಲ್ಲಿ ಇಟ್ಟುಕೊಳ್ಳಿ."

ಜಗಲಿಯ ಮೇಲಿನ ಕುರ್ಚಿಯಿಂದ ಅಜ್ಜಿಯ ಧ್ವನಿ ಅಂಗಳಕ್ಕೆ ಬಂತು. "ಯಾರು ಅದು? ಮದುಮಗಳ ಉಮ್ಮನಾ? ಇವಳಿಗೆ ಇನ್ನೂ ಹೆರಿಗೆ ಆಗ್ಲಿಲ್ವಾ?"

ನೌಫಲ್ ಕಾರಿನ ಕೀಯನ್ನು ಪರೀಕ್ಷಿಸತೊಡಗಿದ. ಬಾವಾನ ಕೈಯಲ್ಲಿ ಡಬ್ಬಿ ಹಾಗೆಯೇ ಇತ್ತು. ನಿಂಬೆಯ ಹುಳಿ ಕೆನ್ನೆಯಿಂದ ಕಿವಿಯವರೆಗೆ ಏರಿದ ಆ ಕ್ಷಣದಲ್ಲಿ ರುಕಿಯಾಳಿಗೆ ಆ ಮಾತು ಮೊದಲ ಸಲ ಕೇಳಿದ ಹಾಗೆ ಕೇಳಿತು. ಒಂದು ವರ್ಷದಿಂದ ಈ ಮುದುಕಿ ಕುರ್ಚಿಯಲ್ಲಿ ಕೂತು ತನ್ನ ಹೆರಿಗೆಯ ಸುದ್ದಿಗೆ ಕಾಯುತ್ತಿದ್ದಾಳೆ. ಆನೆಗೆ ಮಾತ್ರ ಇಷ್ಟು ತಿಂಗಳು ಬೇಕೇನೋ. ಹೊಟ್ಟೆಯ ಅಡಿಯಿಂದ ಇನ್ನೊಂದು ಅಲೆ ಎದ್ದಿತು, ತಡೆಯುವ ಮೊದಲೇ ಬಾಯಿ ತೆರೆಯಿತು, ಬಂದದ್ದು ನಗು. ಕಟ್ಟೆಯ ಮೇಲೆ ಕೂತುಬಿಟ್ಟು ನಕ್ಕಳು. ಬೀಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಮೇಲಿನಿಂದ ಫರ್ಹಾನ, "ಅಯ್ಯೋ, ನನ್ನನ್ನು ನಗಿಸಬೇಡಿ, ಒಳಗೆ ಒದೆಯುತ್ತದೆ" ಎಂದು ಕಂಬ ಹಿಡಿದುಕೊಂಡಳು. ಯಾರೂ ಬಟ್ಟೆಯನ್ನು ಬಾಯಿಗೆ ಹಿಡಿಯಲಿಲ್ಲ.

"ನಾನು ನಿಮ್ಮಲ್ಲಿಗೆ ಬರ್ಲಿಲ್ಲ ಅಂತ ನಿಮಗೆ ಬೇಸರ ಉಂಟು" ಎಂದಳು ಬೀಯಮ್ಮ, ಒಳಗೆ ಮಜ್ಜಿಗೆ ಕೊಡುತ್ತಾ. "ಇರಬೇಕಾದದ್ದೇ. ಹೇಗೆ ಬರುವುದು ಹೇಳಿ? ಪೇಟೆಯ ಮಸೀದಿ ದಾಟುವಾಗಲೇ ನನಗೆ ಸುರು ಆಗ್ತದೆ. ತಂಗಿಯ ಮದುವೆಗೆ ಬೆಳ್ತಂಗಡಿಗೆ ಹೋದವಳು ಮದುವೆ ನೋಡ್ಲಿಲ್ಲ, ಬಚ್ಚಲು ಮಾತ್ರ ನೋಡಿದ್ದು. ಅವತ್ತು ನೀವು ಅಲ್ಲಿ ಬಗ್ಗಿ ನಿಂತದ್ದು ಕಂಡು ನನಗೂ ಬಂತು. ಮದುವೆ ಮನೆಯಲ್ಲಿ ಅತ್ತೆಯೂ ಸುರು ಮಾಡಿದ್ರೆ ಎಂತ ಕತೆ? ಓಡಿದೆ ಒಳಗೆ."

ರುಕಿಯಾ ಲೋಟ ಹಿಡಿದು ಕೂತಳು. ಮುಖ ತಿರುಗಿಸಿ ಬೇಗನೆ ಹೋದ ಆ ಬೆನ್ನು. ಎಷ್ಟು ಸಲ ಅದನ್ನು ನೆನೆದಿದ್ದಾಳೆ. ನೆನೆದಾಗಲೆಲ್ಲ ಅದು ಇನ್ನಷ್ಟು ನೆಟ್ಟಗೆ, ಇನ್ನಷ್ಟು ಸೊಕ್ಕಿನದ್ದು ಆಗಿತ್ತು. ಅದು ಬಚ್ಚಲಿಗೆ ಓಡುತ್ತಿದ್ದ ಬೆನ್ನು. ಅವಳು ಮಗಳ ಕಡೆ ತಿರುಗಿದಳು. "ನೀನು ಒಂದು ಮಾತು ಹೇಳ್ಬಾರದಿತ್ತಾ?"

"ಹೇಗೆ ಹೇಳುವುದು ಉಮ್ಮಾ? ಮಾಮಿ ಆಣೆ ಹಾಕಿಸಿದ್ರು, ನಿನ್ನ ಉಮ್ಮನಿಗೆ ಹೇಳಿದ್ರೆ ನನ್ನ ಮರ್ಯಾದೆ ಹೋಗ್ತದೆ ಅಂತ. ನೀವೂ ಆಣೆ ಹಾಕಿಸಿದ್ರಿ, ಅಲ್ಲಿಯವರಿಗೆ ಹೇಳ್ಬೇಡ, ಸೊಂಟನೋವು ಅಂತಲೇ ಹೇಳು ಅಂತ. ಇಬ್ಬರದ್ದನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತೆ, ಇದರ ಜೊತೆಗೆ." ಅವಳು ಹೊಟ್ಟೆಯನ್ನು ತಟ್ಟಿದಳು. ಆಮೇಲೆ, ಏನನ್ನೋ ಇಷ್ಟು ದಿನ ಕಾದಿಟ್ಟವಳ ಹಾಗೆ, ಉಮ್ಮನ ಹೆಗಲಿಗೆ ತಲೆ ಇಟ್ಟಳು. ಅವಳ ಕೂದಲಲ್ಲಿ ಬೇರೆ ಮನೆಯ ಎಣ್ಣೆಯ ವಾಸನೆ ಇತ್ತು. ಅದು ರುಕಿಯಾಳಿಗೆ ಏನೂ ಮಾಡಲಿಲ್ಲ.

ಊಟವಾದ ಮೇಲೆ ಬೀಯಮ್ಮ ಅಂಗಳಕ್ಕೆ ಇಳಿದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು, ಕಟ್ಟಿಹಾಕಿದ ಹೋರಿಯನ್ನು ನೋಡುವ ಹಾಗೆ. "ನಿಂತಿರುವಾಗ ಚಂದ ಉಂಟು" ಎಂದಳು. ನೌಫಲ್ ಹೆಮ್ಮೆಯಿಂದ ನಾಲ್ಕೂ ಬಾಗಿಲು ತೆರೆದು ತೋರಿಸಿದ. ಅವಳು ಹಿಂದಿನ ಸೀಟಿನಲ್ಲಿ ಮೆಲ್ಲಗೆ ಕೂತು ನೋಡಿದಳು. ರುಕಿಯಾ ಇನ್ನೊಂದು ಬದಿಯಿಂದ ಬಂದು ಕೂತಳು. ಮಾವಿನ ಮರದ ನೆರಳಿನಿಂದ ಗಾಳಿ ಈ ಬಾಗಿಲಿನಿಂದ ಒಳಗೆ ಬಂದು ಆ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಬೀಯಮ್ಮ ಕಾಲು ಹೊರಗೆ ಬಿಟ್ಟಳು, ರುಕಿಯಾ ಕೂಡ. ಫರ್ಹಾನ ಮುಂದಿನ ಸೀಟಿನಲ್ಲಿ ಅಡ್ಡ ಕೂತಳು. ರಿಫಾ ಒಳಗಿನಿಂದ ಚಾ ತಂದಳು, ಮತ್ತು ಕಾರಿನ ಒಳಗೆ ಮೂವರು ಹೆಂಗಸರು ನೈಯಪ್ಪ ಮುರಿದು ತಿನ್ನತೊಡಗಿದರು. ಬೆಳಗಿನಿಂದ ಏನೂ ತಿನ್ನದ ರುಕಿಯಾ, ಊಟದಲ್ಲೂ ಹೆದರಿ ಎರಡು ತುತ್ತಿಗೆ ಎದ್ದವಳು, ಈಗ ನಾಲ್ಕನೆಯದಕ್ಕೆ ಕೈ ಹಾಕಿದಳು. ಕಾರೊಂದರಲ್ಲಿ ಕೂತು ತನಗೆ ಹಸಿವಾದದ್ದು ಇದೇ ಮೊದಲು ಎಂದು ಅವಳಿಗೆ ಹೊಳೆಯಿತು.

"ಎಣ್ಣೆ, ಎಣ್ಣೆ" ಎಂದ ನೌಫಲ್. "ಪ್ಲಾಸ್ಟಿಕ್ ಇದ್ದದ್ದಕ್ಕೆ ಬಚಾವ್." ಆಮೇಲೆ ಅವನಿಗೆ ತನ್ನ ಆಟ ನೆನಪಾಯಿತು. "ಮಾಮಿ, ದುಡ್ಡಿನ ಯೋಚನೆ ಇಲ್ಲ ಅಂತ ಇಟ್ಟುಕೊಳ್ಳಿ. ನಿಮಗೆ ಯಾವ ಕಾರು?"

"ನನಗೆ ಇದೇ ಸಾಕು" ಎಂದಳು ಬೀಯಮ್ಮ. "ಹೀಗೆ ನಿಂತುಕೊಂಡೇ ನರಿಕೊಂಬಿಗೆ ಹೋಗ್ತದಾದ್ರೆ." ಮೂಗು ಅರಳಿಸಿ ಸೀಟನ್ನು ಮೂಸಿದಳು. "ಆದ್ರೆ ಈ ವಾಸನೆ ಕಾರಿನದ್ದಲ್ಲ. ಈ ಪ್ಲಾಸ್ಟಿಕ್ಕಿನದ್ದು. ಇದನ್ನು ಹಾಕಿಕೊಂಡು ಅಷ್ಟು ದೂರ ಬಂದಿರಾ? ಪಾಪ ಇವರು."

ನೌಫಲ್ ಅತ್ತಿಗೆಯ ಮುಖ ನೋಡಿದ. ಕನ್ನಡಿಯಲ್ಲಿ ಅಲ್ಲ, ನೇರವಾಗಿ. ರಿಫಾ ಅಷ್ಟರಲ್ಲಿ ಒಂದು ಮೂಲೆಯನ್ನು ಹಿಡಿದು ಚರ್ರೆಂದು ಎಳೆದಿದ್ದಳು. "ಹಾಗೆ ಹರಿಯುವುದಲ್ಲ, ಬಿಡು" ಎಂದು ಗದರಿಸಿದವನು, ಹೆಂಗಸರನ್ನು ಇಳಿಸಿ, ಒಳಗಿನಿಂದ ಬ್ಲೇಡು ತರಿಸಿ, ಹೊಲಿಗೆಯ ಬದಿಯಿಂದ ತಾನೇ ಕೊಯ್ದು ತೆಗೆದ. ಒಂದೊಂದೇ ಸೀಟು. ಮುಖ ನೋಡಿದರೆ ಮಗನ ಸುನ್ನತಿಯ ಮನೆಯಲ್ಲಿ ಕೂತ ತಂದೆಯ ಹಾಗಿತ್ತು. ಕೊನೆಗೆ ಹಸಿರು ಸೆಂಟಿನ ಬಾಟಲಿಯನ್ನೂ ಕಿತ್ತು ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ಅದನ್ನು ಮೂಸಿ, ಕುಡಿಯುವುದಾ ಎಂದು ಕೇಳಿದಳು. ಪ್ಲಾಸ್ಟಿಕ್ ಅಂಗಳದಲ್ಲಿ ದೊಡ್ಡ ರಾಶಿಯಾಗಿ ಬಿದ್ದು ಬಿಸಿಲಿನಲ್ಲಿ ಮಿನುಗುತ್ತಿತ್ತು. ಒಳಗೆ ಸೀಟುಗಳ ನಿಜವಾದ ಬಣ್ಣ ಕಂಡಿತು, ಮಣ್ಣಿನ ಬಣ್ಣ.

ಹೊರಡುವ ಹೊತ್ತಿಗೆ ಬೀಯಮ್ಮ ಗೇಟಿನವರೆಗೆ ಬಂದು ನಿಂತಳು. ಫರ್ಹಾನಳ ತಲೆ ಸವರಿದಳು, ಮಲ್ಲಿಗೆ ಸರಿಮಾಡಿದಳು, ಮತ್ತೆ ಸವರಿದಳು. ರುಕಿಯಾ ಅವಳನ್ನೇ ನೋಡುತ್ತಿದ್ದಳು. ಮಗಳನ್ನು ಬಿಟ್ಟು ಬಂದ ದಿನ ತನ್ನ ಕೈಯೂ ಹೀಗೆಯೇ ಬಿಡಲಾರದೆ ಸುತ್ತಿತ್ತು. ಇನ್ನು ಹೆರಿಗೆಯಾಗಿ ಮಗುವನ್ನು ತರುವವರೆಗೆ ಈ ಹೆಂಗಸು ಇಲ್ಲಿ ಫೋನಿನ ಮುಂದೆ ನಿಲ್ಲುತ್ತಾಳೆ, ಕೈಯಲ್ಲಿ ಸೌಟು ಹಿಡಿದುಕೊಂಡು.

"ನೀವೂ ಬನ್ನಿ" ಎಂದಳು ರುಕಿಯಾ.

"ಹುಡುಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದವರು ಅತ್ತೆಯನ್ನೂ ಕರ್ಕೊಂಡು ಹೋದ್ರು ಅಂತ ಜನ ನಗಾಡ್ತಾರೆ."

"ನಗಾಡ್ಲಿ. ನನ್ನ ಹತ್ರ ಎರಡು ತೊಟ್ಟೆ ಉಂಟು. ತೂತು ಇಲ್ಲದ್ದು. ನಾನೇ ಊದಿ ನೋಡಿದ್ದು."

ಬೀಯಮ್ಮ ಅವಳನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಅಜ್ಜಿಯನ್ನು ನೆರೆಮನೆಯವರಿಗೆ ಒಪ್ಪಿಸಿ, ಬುರ್ಖಾ ಹಾಕಿಕೊಂಡು ಬಂದಳು. ಜಾಗ ಸಾಲದ್ದರಿಂದ ಬಾವಾ ಬಸ್ಸಿಗೆ ಹೋಗುವುದೆಂದಾಯಿತು. ಅವನು ಖಾಲಿ ಡಬ್ಬಿ ಹಿಡಿದು ಬಹಳ ಖುಷಿಯಲ್ಲಿ ಹೊರಟುಹೋದ. ಅವನಿಗೆ ಮೊದಲಿನಿಂದಲೂ ಬಸ್ಸೇ ಇಷ್ಟ.

ಎಸಿ ಹಾಕಲಿಲ್ಲ. ನಾಲ್ಕೂ ಗಾಜುಗಳು ಪೂರ್ತಿ ಇಳಿದವು. ಮುಂದೆ ಫರ್ಹಾನ, ಹಿಂದೆ ಎರಡು ಕಿಟಕಿಗೆ ಇಬ್ಬರು ತಾಯಂದಿರು, ನಡುವೆ ರಿಫಾ, ಎರಡೂ ತೊಟ್ಟೆ ಹಿಡಿದುಕೊಂಡು, ಔಷಧದ ಅಂಗಡಿಯವಳ ಗಾಂಭೀರ್ಯದಲ್ಲಿ. ನೌಫಲ್ ಬಸುರಿಗೆ ಹೆದರಿದನೋ ಬರಿಯ ಸೀಟುಗಳಿಗೆ ಹೆದರಿದನೋ, ಕಾರು ಆಮೆಯ ಹಾಗೆ ಹೋಗುತ್ತಿತ್ತು. ಸಿದ್ದಕಟ್ಟೆಗೆ ಮೊದಲೇ ಬೀಯಮ್ಮ ಕೈ ಎತ್ತಿದಳು. ನಿಲ್ಲಿಸಿದರು. ಈ ಸಲ ಹಣೆ ಹಿಡಿದದ್ದು ರುಕಿಯಾ. ಒಂದು ಕೈ ಹಣೆಗೆ, ಒಂದು ಕತ್ತಿನ ಗುಳಿಗೆ. ಅದಾದ ಮೇಲೆ ಇಬ್ಬರೂ ರಸ್ತೆ ಬದಿಯ ಮೋರಿಯ ಮೇಲೆ ಸ್ವಲ್ಪ ಹೊತ್ತು ಕೂತರು, ಯಾರಿಗೂ ಅವಸರವಿರಲಿಲ್ಲ. ಹಿಂದಿನಿಂದ ಬಂದ ಬಸ್ಸು ಉದ್ದಕ್ಕೆ ಹಾರನ್ ಹಾಕಿ ಅವರನ್ನು ದಾಟಿತು. ಕಿಟಕಿಯಿಂದ ಬಾವಾ ಡಬ್ಬಿಯನ್ನು ಎತ್ತಿ ತೋರಿಸಿದ.

"ನೋಡಿ, ಬಸ್ಸು ಸಹ ಮುಂದೆ ಹೋಯ್ತು" ಎಂದ ನೌಫಲ್, ಆದರೆ ಜೋರು ಮಾಡಲಿಲ್ಲ.

ಮತ್ತೆ ಹೊರಟಾಗ ರಾಯಿಯ ತಿರುವುಗಳು. ಗದ್ದೆಯ ಮೇಲಿನಿಂದ ಬಂದ ಗಾಳಿ ಒಳಗೆಲ್ಲ ಓಡಾಡಿತು, ಬೀಯಮ್ಮನ ತಲೆವಸ್ತ್ರದ ತುದಿ ಹಾರಿ ರಿಫಾಳ ಮುಖಕ್ಕೆ ಬಿತ್ತು, ಮಲ್ಲಿಗೆಯ ವಾಸನೆ ಬಂದು ನಿಲ್ಲದೆ ಹೊರಗೆ ಹೋಯಿತು. ಒಂದು ತಿರುವಿನಲ್ಲಿ ಫರ್ಹಾನ ಬಾಗಿಲ ಕಡೆಗೆ ವಾಲಿದಳು. ಯೋಚಿಸುವ ಮೊದಲೇ ರುಕಿಯಾಳ ಕೈ ಮುಂದಿನ ಸೀಟಿಗೂ ಬಾಗಿಲಿಗೂ ನಡುವಿನಿಂದ ಚಾಚಿ ಕಿಟಕಿಯ ಅಂಚನ್ನು ಹಿಡಿಯಿತು. ಮಗಳು ಆ ತೋಳಿನ ಮೇಲೆ ಗಲ್ಲ ಊರಿದಳು, ತಿರುವು ಮುಗಿದರೂ ಎತ್ತಲಿಲ್ಲ. ಭಾರ ಬೆಚ್ಚಗಿತ್ತು.

"ಉಮ್ಮಾ, ನೀವು ಮಾತ್ರ ಹೇಳ್ಲಿಲ್ಲ" ಎಂದಳು ರಿಫಾ. "ದುಡ್ಡು ಎಷ್ಟು ಬೇಕಾದ್ರೂ ಇದ್ರೆ ಯಾವ ಕಾರು?"

ನೌಫಲ್ ಈ ಸಲ ಕಾದ.

ರುಕಿಯಾ ಬಾಯಿ ತೆರೆದಳು. ಗಾಳಿ ಒಳಗೆ ನುಗ್ಗಿತು.

"ಲಾಯಿಲದಲ್ಲಿ ಒಂದು ಜೀಪು ಇತ್ತು" ಎಂದಳು. "ಅದರ ಬಾಗಿಲು ಕೋಳಿಗೂಡಿಗೆ ಹೋಗಿತ್ತು."